ಬಿಡಲಾಗದ ಪ್ರಶ್ನೆ

ಹಾಸ್ಟೆಲ್, ಜೂನ್ ೩

ಅತ್ತೆಗೆ ನಮಸ್ಕಾರ.

ಸುಖವಾಗಿ ತಲುಪಿದೆ. ಕೋಣೆ ಮೂರನೇ ಮಹಡಿಯಲ್ಲಿದೆ, ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ. ಒಳ್ಳೆಯದೇ ಆಯಿತು, ನೋಡುತ್ತ ಕೂರಲು ಏನೂ ಇಲ್ಲ. ಜೊತೆಗಿರುವವಳು ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ಬಂದ ಹುಡುಗಿ. ನನಗಿಂತ ತುಂಬಾ ಚಿಕ್ಕವಳು, ಮೊದಲ ದಿನವೇ ನನ್ನನ್ನು ಅಕ್ಕ ಮಾಡಿಕೊಂಡಳು. ಫೋನನ್ನು ವಾರ್ಡನ್ ಕೈಗೆ ಕೊಟ್ಟುಬಿಟ್ಟೆ. ಪರೀಕ್ಷೆ ಮುಗಿಯುವವರೆಗೆ ನಾನು ಅತ್ತು ಕರೆದರೂ ಕೊಡಬೇಡಿ ಎಂದು ಹೇಳಿದ್ದೇನೆ. ಹೇಗಿದ್ದರೂ ಯಂತ್ರಗಳ ಸದ್ದಿನಲ್ಲಿ ಕಿವಿ ಮಂದವಾದ ನಿಮಗೆ ಫೋನಿನಲ್ಲಿ ನನ್ನ ಮಾತು ಅರ್ಧ ಕೇಳಿಸುವುದಿಲ್ಲ, ಇನ್ನರ್ಧಕ್ಕೆ ನೀವು ಸುಮ್ಮನೆ "ಹೂಂ" ಅನ್ನುತ್ತೀರಿ. ಪತ್ರವೇ ವಾಸಿ.

ಪಾಠ ಶುರುವಾಗಿದೆ. ನಮಗೆ ಕಲಿಸುವವರಿಗೆ ಹುಡುಗರು ಇಟ್ಟ ಹೆಸರು ಗಡಿಯಾರ ಮೇಷ್ಟ್ರು. ಓಟದ ಪಂದ್ಯದಲ್ಲಿ ಹೊತ್ತು ಅಳೆಯುವ ಗಡಿಯಾರವನ್ನು ಕೊರಳಿಗೆ ತೂಗುಹಾಕಿಕೊಂಡೇ ಬರುತ್ತಾರೆ. ಬಂದವರೇ ಒಂದು ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದರು. ಮುಗಿದ ಮೇಲೆ ಎಲ್ಲರೂ ಎಷ್ಟು ಬರೆದೆವು ಎಂದು ಲೆಕ್ಕ ಹಾಕುತ್ತಿದ್ದರೆ ಅವರು ತಡೆದರು. "ಬರೆದದ್ದು ನನಗೆ ಬೇಡ. ಯಾವುದನ್ನ ಬಿಟ್ರಿ, ಅದನ್ನ ಹೇಳಿ."

ನಾನು ಒಂದನ್ನೂ ಬಿಟ್ಟಿರಲಿಲ್ಲ. ಹಾಗೆಂದು ಹೆಮ್ಮೆಯಿಂದಲೇ ಹೇಳಿದೆ. ಅವರು ನನ್ನ ಹಾಳೆ ಎತ್ತಿಕೊಂಡು ಕೊನೆಯ ಪುಟಗಳನ್ನು ಮಗುಚಿದರು. "ಬಿಡಲಿಲ್ಲ ಅಂತೀರಿ. ಇವನ್ನೆಲ್ಲ ನೋಡದೇನೇ ಬಿಟ್ಟಿದ್ದೀರಲ್ಲ? ಸುಲಭದ್ದೆಲ್ಲ ಇಲ್ಲೇ ಕೂತಿತ್ತು." ಆಮೇಲೆ ಕೇಳಿದರು, "ಮುಂಚೆ ಏನ್ ಕೆಲಸ ಮಾಡ್ತಿದ್ರಿ?"

"ಲಾಂಡ್ರಿ ನಡೆಸ್ತಿದ್ವಿ ಸರ್."

ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. "ಹಾಗಾದ್ರೆ ನಿಮಗೆ ಕಷ್ಟ ಆಗುತ್ತೆ. ಕಲೆ ಹೋಗೋವರೆಗೂ ಉಜ್ಜೋರು ನೀವು," ಅಂದರು.

ಹೋದ ವರ್ಷದ ಪ್ರವೇಶ ಪರೀಕ್ಷೆಯಲ್ಲಿ ಆದದ್ದೂ ಇದೇ. ಎರಡು ಕೊಳಾಯಿ ತೊಟ್ಟಿ ತುಂಬಿಸುವ ಒಂದು ಲೆಕ್ಕ ಹಿಡಿದು ಕೂತೆ, ತೊಟ್ಟಿ ತುಂಬುವಷ್ಟರಲ್ಲಿ ಹೊತ್ತು ಖಾಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಸಲ ಅಂಕ ಏರದಿದ್ದರೆ ಬಿಸಿನೆಸ್ ಸ್ಕೂಲಿನ ಮಾತನ್ನು ಮತ್ತೆ ಎತ್ತುವುದಿಲ್ಲ. ಇದು ನಾನು ನಿಮಗೆ ಕೊಟ್ಟ ಮಾತು, ನನಗೂ ಕೊಟ್ಟುಕೊಂಡ ಮಾತು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಎಲ್ಲರನ್ನೂ ಕೇಳಿದೆನೆಂದು ಹೇಳಿ.

ನಿಮ್ಮ ಸೊಸೆ


ಲಾಂಡ್ರಿ, ಜೂನ್ ೧೪

ಹುಡುಗಿ,

ಕಾಗದ ಬಂತು. ಬಾಯ್ಲರ್ ಮಾಮ ಗೇಟಿನಿಂದಲೇ "ಸೊಸೆ ಕಾಗದ!" ಎಂದು ಕೂಗಿದನಂತೆ. ನನಗೊಬ್ಬಳಿಗೆ ಕೇಳಿಸಲಿಲ್ಲ, ಉಳಿದವರಿಗೆಲ್ಲ ಕೇಳಿಸಿತು. ಊಟದ ಹೊತ್ತಿಗೆ ಎಲ್ಲರೂ ನನ್ನ ಸುತ್ತ ಕೂತರು. ನೀನು ಕ್ಷೇಮವಾಗಿರುವುದನ್ನು ಓದಿ ಹೇಳಿದೆ, ಮೇಷ್ಟ್ರು ಹೇಳಿದ್ದನ್ನು ಓದಲಿಲ್ಲ. ಕೇಳಿದರೆ ನಮ್ಮ ಹುಡುಗಿಯರೂ ನಾಳೆಯಿಂದ ಬಿಡುವುದನ್ನು ಕಲಿಯುತ್ತಾರೆ.

ನಿನ್ನ ಗಡಿಯಾರ ಮೇಷ್ಟ್ರು ಸೋಮಾರಿ ಮನುಷ್ಯ. ಬಿಡುವುದನ್ನು ಕಲಿಸಲು ಒಬ್ಬ ಮೇಷ್ಟ್ರು ಬೇಕೆ? ನಾನು ಈ ಮನೆಗೆ ಬಂದಾಗ ನನ್ನ ಅತ್ತೆ ಹೇಳಿದ್ದು ಒಂದೇ ಮಾತು. ಕಲೆ ಇರುವ ಬಟ್ಟೆ ಗೇಟು ದಾಟಬಾರದು. ಆಸ್ಪತ್ರೆಯ ಚಾದರವಾಗಲಿ, ಹೋಟೆಲಿನ ಮೇಜುಬಟ್ಟೆಯಾಗಲಿ, ತಡವಾದರೂ ಪರವಾಗಿಲ್ಲ, ಕಲೆ ಹೊತ್ತು ಹೋಗಬಾರದು. ಆಕೆ ಹೋದಳು, ಗಂಡ ಹೋದ, ಮಗನೂ ಹೋದ. ಆ ಮಾತು ಉಳಿದಿದೆ. ಅದರ ಮೇಲೇ ಈ ಲಾಂಡ್ರಿ ನಿಂತಿದೆ.

ನೀನು ಬಂದ ಹೊಸತರಲ್ಲಿ ಒಂದು ಮೇಜುಬಟ್ಟೆಯ ತುಕ್ಕಿನ ಗುರುತು ತೆಗೆಯುತ್ತ ಊಟ ಮರೆತು ಕೂತಿದ್ದೆ, ನೆನಪಿದೆಯೆ? ಅವತ್ತೇ ನನ್ನ ಮಗನಿಗೆ ಹೇಳಿದ್ದೆ, "ನೀನೆಲ್ಲಿಂದ ಬಂದಿಯೋ ಗೊತ್ತಿಲ್ಲ, ಇವಳು ಮಾತ್ರ ನಮ್ಮವಳೇ ಕಣೋ" ಎಂದು. ಅವನ ಕಥೆ ನಿನಗೇ ಗೊತ್ತು. ಪೆನ್ನಿನ ಮುಚ್ಚಳ ಹಾಕದೆ ಜೇಬಿಗೆ ಸಿಕ್ಕಿಸುತ್ತಿದ್ದ, ವಾರಕ್ಕೊಂದು ಅಂಗಿಗೆ ಶಾಯಿ. ಬೈಯುತ್ತ ತೊಳೆಯುತ್ತಿದ್ದೆ. ಶಾಯಿ ತೆಗೆಯುವುದು ಏನೂ ಕಷ್ಟವಲ್ಲ, ಒಂದಿಷ್ಟು ಸ್ಪಿರಿಟ್ ಸಾಕು. ಅವನ ಬುದ್ಧಿ ತೊಳೆಯಲಿಕ್ಕೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ.

ಹಿಡಿದದ್ದನ್ನು ಬಿಡಬೇಡ. ಎರಡು ವರ್ಷ ಓದಿ ಮುಗಿಸಿ ಬಂದು ಇಲ್ಲಿ ಕೂರು. ಊರಾಚೆ ಹೊಸ ದೊಡ್ಡ ಲಾಂಡ್ರಿಯವರು ಬಂದಿದ್ದಾರೆ, ಟೈ ಕಟ್ಟಿಕೊಂಡು ನಮ್ಮ ಹೋಟೆಲುಗಳಿಗೆ ಓಡಾಡುತ್ತಿದ್ದಾರೆ. ಅವರಿಗೆ ಸರಿಸಮ ಮಾತಾಡಲು ಓದಿದವರು ಬೇಕು. ನನ್ನ ಕಿವಿ ಹೋಯಿತು, ಮಂಡಿ ಹೋಗುತ್ತಿದೆ, ಬಾಯಿ ಒಂದು ಗಟ್ಟಿಯಾಗಿದೆ. ಲೆಕ್ಕದ ಕೋಣೆಯಲ್ಲಿ ನಿಮ್ಮಿಬ್ಬರ ಮೇಜನ್ನು ದಿನವೂ ನಾನೇ ಒರೆಸುತ್ತೇನೆ. ಎರಡು ಕುರ್ಚಿಯೂ ಇದ್ದ ಹಾಗೇ ಇವೆ.

ಹೊಟ್ಟೆ ತುಂಬ ಉಣ್ಣು.

ಅತ್ತೆ


ಹಾಸ್ಟೆಲ್, ಜುಲೈ ೨

ಅತ್ತೆಗೆ ನಮಸ್ಕಾರ.

ಮೇಷ್ಟ್ರು ಸೋಮಾರಿಯಲ್ಲ, ರಾಕ್ಷಸ. ವಾರಕ್ಕೊಂದು ಪೂರ್ತಿ ಪರೀಕ್ಷೆ ಬರೆಸುತ್ತಾರೆ. ಬರೆದ ಹೊತ್ತಿಗಿಂತ ಹೆಚ್ಚು ಹೊತ್ತು ಅದನ್ನೇ ಬಿಡಿಸಿ ನೋಡಿಸುತ್ತಾರೆ. "ಹೊಸ ಪುಸ್ತಕ ಕೊಂಡ್ಕೊಂಡು ಬರಬೇಡಿ. ಅಂಕ ಇರೋದು ನಿಮ್ಮ ಹಳೇ ತಪ್ಪಲ್ಲಿ," ಅನ್ನುತ್ತಾರೆ. ತಪ್ಪುಗಳನ್ನು ಮೂರು ಗುಂಪು ಮಾಡಿಸಿದರು. ಗೊತ್ತಿಲ್ಲದೆ ತಪ್ಪಿದ್ದು, ಗೊತ್ತಿದ್ದೂ ಆತುರಕ್ಕೆ ತಪ್ಪಿದ್ದು, ಮುಟ್ಟಲೇಬಾರದಾಗಿದ್ದದ್ದು. ನಾನು ಹಾಳೆಗಳನ್ನು ಕತ್ತರಿಸಿ ಹಾಸಿಗೆಯ ಮೇಲೆ ಮೂರು ರಾಶಿ ಹಾಕಿದೆ. ಮೂರನೆಯದೇ ಎತ್ತರ. ಬ್ಯಾಂಕಿನ ಹುಡುಗಿ ನೋಡಿ, "ಅಕ್ಕ, ಇದೇನು ಬಟ್ಟೆ ವಿಂಗಡಿಸ್ತಿದ್ದೀರಾ?" ಎಂದಳು.

ಅದೇ ನನಗೆ ದಾರಿ ತೋರಿಸಿತು. ನಾವು ಬಂದ ಗಂಟನ್ನು ಬಿಚ್ಚಿದ ತಕ್ಷಣ ತೊಳೆಯಲು ಕೂರುವುದಿಲ್ಲವಲ್ಲ. ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರವಿ, ಹಗುರ ಕೊಳೆಯದನ್ನು ಒಂದು ಕಡೆ, ನೆನೆಹಾಕುವುದನ್ನು ಇನ್ನೊಂದು ಕಡೆ ಹಾಕುತ್ತೇವೆ. ಈಗ ಪ್ರಶ್ನೆಪತ್ರಿಕೆಯನ್ನೂ ಹಾಗೇ ಮಾಡುತ್ತಿದ್ದೇನೆ. ಮೊದಲ ಸುತ್ತಿನಲ್ಲಿ ಪೂರ್ತಿ ಪತ್ರಿಕೆ ಓಡಿಸಿ ಕಣ್ಣಿಗೆ ಬಿದ್ದ ಕೂಡಲೇ ದಾರಿ ತಿಳಿಯುವುದನ್ನು ಮುಗಿಸುವುದು, ಎರಡನೇ ಸುತ್ತಿನಲ್ಲಿ ಗುರುತು ಹಾಕಿದ್ದಕ್ಕೆ ಮರಳುವುದು. ಅಲ್ಲಿಯವರೆಗೆ ಸರಿ. ಮೂರನೇ ರಾಶಿಯದೇ ತೊಂದರೆ. ತಪ್ಪು ಉತ್ತರಕ್ಕೆ ಬಂದ ಅಂಕವೂ ಕಡಿತವಾಗುತ್ತದೆ, ಆದ್ದರಿಂದ ಅದನ್ನು ಮುಟ್ಟದೆ ಎದ್ದು ಬರಬೇಕು. ನಮ್ಮಲ್ಲಿ ಅಂಥ ರಾಶಿಯೇ ಇಲ್ಲವಲ್ಲ, ಅತ್ತೆ. ಬಿಟ್ಟ ಪ್ರಶ್ನೆ ಮುಂದಿನ ಪ್ರಶ್ನೆಯ ಮೇಲೆ ಬಂದು ಕೂರುತ್ತದೆ. ಕೈ ಮುಂದೆ ಹೋದರೂ ತಲೆ ಅಲ್ಲೇ ಇರುತ್ತದೆ.

ಒಂದು ಕೇಳಲೇ? ಇಷ್ಟು ವರ್ಷಗಳಲ್ಲಿ ನೀವು ತೆಗೆಯದೆ ಬಿಟ್ಟ ಕಲೆ ಒಂದಾದರೂ ಇದೆಯೆ? ಇದ್ದರೆ ಹೇಗೆ ಬಿಟ್ಟಿರಿ ಹೇಳಿ. ನನಗೆ ಧೈರ್ಯ ಬಂದೀತು.

ನಿಮ್ಮ ಸೊಸೆ


ಲಾಂಡ್ರಿ, ಜುಲೈ ೧೧

ಹುಡುಗಿ,

ಇಲ್ಲ. ಒಂದೂ ಇಲ್ಲ.

ಇಲ್ಲಿ ಬಿಸಿಲು ಚೆನ್ನಾಗಿದೆ. ಬಾಯ್ಲರ್ ಕೆಟ್ಟು ಒಂದು ದಿನ ಕೆಲಸ ನಿಂತಿತ್ತು, ಬಾಯ್ಲರ್ ಮಾಮ ಅದಕ್ಕೆ ಬೈದ ಬೈಗುಳ ನನಗೂ ಕೇಳಿಸಿತು ಅಂದರೆ ನೀನೇ ಊಹಿಸು. ರೋಲರ್ ಹುಡುಗಿ ಈಗ ಇಸ್ತ್ರಿಯ ಬಿಸಿ ರೋಲರಿನಲ್ಲಿ ಚಾದರಗಳನ್ನು ಚೆನ್ನಾಗಿ ಒತ್ತುತ್ತಾಳೆ, ಆಸ್ಪತ್ರೆಯವರಿಗೆ ಬರೆಯಬೇಕಾದ್ದನ್ನೂ ನೀನು ಕಲಿಸಿದ ಹಾಗೇ ಬರೆಯುತ್ತಾಳೆ.

ಹಾಳೆ ಕತ್ತರಿಸಿ ರಾಶಿ ಹಾಕುವುದು ಮಕ್ಕಳಾಟ. ಒಂದೊಂದನ್ನೂ ಹಠ ಹಿಡಿದು ಬಿಡಿಸು. ಬಿಡಿಸುತ್ತ ಬಿಡಿಸುತ್ತ ವೇಗ ತಾನೇ ಬರುತ್ತದೆ. ನಿನ್ನಲ್ಲಿ ಆ ಹಠ ಇದೆ ಎಂದೇ ನಿನ್ನನ್ನು ಕಳಿಸಿದ್ದು.

ಅತ್ತೆ


ಹಾಸ್ಟೆಲ್, ಆಗಸ್ಟ್ ೧

ಅತ್ತೆಗೆ ನಮಸ್ಕಾರ.

ನಿಮ್ಮ ಮಾತು ಕೇಳಿ ಕೆಟ್ಟೆ. ಬೇಸರ ಮಾಡಿಕೊಳ್ಳಬೇಡಿ, ಅರ್ಧ ತಮಾಷೆ. ಹೋದ ಎರಡು ಪರೀಕ್ಷೆಗಳಲ್ಲಿ ಹಠ ಹಿಡಿದೆ. ಏರಿದ್ದ ಅಂಕ ಮೊದಲಿದ್ದಲ್ಲಿಗೇ ಇಳಿಯಿತು. ಮೇಷ್ಟ್ರು ನನ್ನ ಮೇಜಿನ ಎದುರು ನಿಂತು ಗಡಿಯಾರ ಒತ್ತಿ ಹಿಡಿದರು. ಒಂದೇ ಪ್ರಶ್ನೆಯ ಮೇಲೆ ನಾನು ಎಷ್ಟು ಹೊತ್ತು ಇದ್ದೆನೆಂದು ತೋರಿಸಿದರು. ನಾನು ಅಷ್ಟು ಹೊತ್ತು ಇದ್ದದ್ದು ನನಗೇ ಗೊತ್ತಿರಲಿಲ್ಲ.

ಲೆಕ್ಕಕ್ಕಿಂತ ಉದ್ದನೆಯ ಗದ್ಯಭಾಗಗಳು ಕಷ್ಟವಾಗುತ್ತಿವೆ. ಒಂದೊಂದು ಪ್ಯಾರಾ ಓದಿ, ಅದರ ಸಾರವನ್ನು ಒಂದೇ ಮಾತಿನಲ್ಲಿ ಬಾಯಲ್ಲಿ ಹೇಳಿಕೊಂಡು ಮುಂದೆ ಹೋಗಿ ಎನ್ನುತ್ತಾರೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಬೇರೆ ಏನೋ ಓಡುತ್ತಿರುತ್ತದೆ. ಮತ್ತೆ ಮೊದಲಿಂದ ಓದುತ್ತೇನೆ, ಮತ್ತೆ ಅದೇ.

ಆದರೂ ಮೇಷ್ಟ್ರು ಕೈಬಿಟ್ಟಿಲ್ಲ. "ನೀವು ಬಿಡೋದೊಂದು ಕಲಿತರೆ ದೊಡ್ಡ ಸ್ಕೂಲುಗಳೇ ಸಿಗ್ತವೆ. ಆಮೇಲೆ ಲಾಂಡ್ರಿ ಒಂದೇ ಅಲ್ಲ, ಎಷ್ಟೋ ದಾರಿ ಇವೆ," ಅಂದರು. ಸುಮ್ಮನೆ ನಿಮಗೆ ತಿಳಿಸುತ್ತಿದ್ದೇನೆ.

ನಿಮ್ಮ ಸೊಸೆ


ಹಾಸ್ಟೆಲ್, ಆಗಸ್ಟ್ ೨೧

ಅತ್ತೆಗೆ ನಮಸ್ಕಾರ.

ನಿಮ್ಮ ಉತ್ತರ ಬಂದಿಲ್ಲ. ದಿನವೂ ಊಟಕ್ಕೆ ಇಳಿಯುವಾಗ ವಾರ್ಡನ್ ಮುಖ ನೋಡುತ್ತೇನೆ, ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. ನನ್ನ ಹಿಂದಿನ ಪತ್ರದಲ್ಲಿ ಏನಾದರೂ ತಪ್ಪು ಬರೆದೆನೆ? ತಮಾಷೆಗೆ ಅಂದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಎರಡು ಸಾಲು ಬರೆಯಿರಿ ಸಾಕು.

ನಿಮ್ಮ ಸೊಸೆ


ಲಾಂಡ್ರಿ, ಆಗಸ್ಟ್ ೨೮

ಹುಡುಗಿ,

ಕೋಪ ಇಲ್ಲ. ಕೆಲಸ ಜಾಸ್ತಿ. ಓದು.

ಅತ್ತೆ


ಹಾಸ್ಟೆಲ್, ಸೆಪ್ಟೆಂಬರ್ ೪

ಅತ್ತೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಓದಲು ಏನಿದೆ ಅದರಲ್ಲಿ? ಕೋಪ ಇಲ್ಲ ಎಂದು ಬರೆದ ಅಕ್ಷರವೇ ಕೋಪದಲ್ಲಿ ಗೀಚಿದ ಹಾಗಿದೆ. ನಿಮ್ಮ ಅಕ್ಷರ ಇಸ್ತ್ರಿ ಮಾಡಿದ ಹಾಗಿರುತ್ತದೆ ಎಂದು ನಿಮ್ಮ ಮಗ ನಗುತ್ತಿದ್ದರು. ಇದು ಹಿಂಡಿ ಬಿಸಾಡಿದ ಹಾಗಿದೆ.

ನಿಮಗೆ ಗೊತ್ತಾಗಿಬಿಟ್ಟಿದೆ, ಅಲ್ಲವೆ? ಎಷ್ಟೋ ದಾರಿ ಇವೆ ಎಂದು ನಾನು ಬರೆದಾಗಲೇ ನಿಮಗೆ ಅರ್ಥವಾಗಿರಬೇಕು. ಇನ್ನು ಮುಚ್ಚಿಟ್ಟು ಏನು? ಹೇಳಿಬಿಡುತ್ತೇನೆ. ನಾನು ಹಿಂತಿರುಗಿ ಬರುವುದಿಲ್ಲ, ಅತ್ತೆ. ಅಂಕ ಬಂದರೆ ದೂರದ ಸ್ಕೂಲಿಗೆ ಸೇರಿ, ಅಲ್ಲೇ ಎಲ್ಲಾದರೂ ಕೆಲಸ ಹಿಡಿಯುತ್ತೇನೆ. ನಿಮ್ಮನ್ನು ನೋಡಲು ಬರುತ್ತೇನೆ, ಸಾವಿರ ಸಲ ಬರುತ್ತೇನೆ. ಆ ಮೇಜಿಗೆ ಬರಲಾರೆ. ಎರಡು ಕುರ್ಚಿಯೂ ಇದ್ದ ಹಾಗೇ ಇವೆ ಎಂದು ನೀವು ಬರೆದದ್ದನ್ನು ಓದಿ ಪತ್ರ ಮಡಚಿಟ್ಟೆ. ಒಂದು ಕುರ್ಚಿಯಲ್ಲಿ ಕೂತು ಇನ್ನೊಂದನ್ನು ನೋಡುತ್ತ ಬಾಳಲು ನನ್ನಿಂದ ಆಗದು.

ಓದುವಾಗ ತಲೆಯಲ್ಲಿ ಬೇರೇನೋ ಓಡುತ್ತದೆ ಎಂದಿದ್ದೆ. ಏನೆಂದು ಬರೆದಿರಲಿಲ್ಲ. ಅವತ್ತು ಬೆಳಿಗ್ಗೆ ಅವರು ಲಾರಿಗೆ ಗಂಟು ಏರಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ನೋಡಿ ನಕ್ಕು, "ನಿನಗೊಂದು ಮಾತು ಹೇಳ್ಬೇಕು," ಅಂದರು. "ಏನ್ರೀ?" ಅಂದೆ. "ಈಗಲ್ಲ, ಸಂಜೆ ಹೇಳ್ತೀನಿ." ಮಧ್ಯಾಹ್ನ ಅಂಗಳದಲ್ಲಿ ಕುಸಿದರು. ಸಂಜೆ ಆಗಲೇ ಇಲ್ಲ.

ಅದು ಏನಿರಬಹುದು, ಅತ್ತೆ? ಎರಡು ವರ್ಷದಿಂದ ನಾನು ಬಿಡಲಾಗದೆ ಕೂತಿರುವ ಪ್ರಶ್ನೆ ಇದೊಂದೇ. ಕೊಳಾಯಿ ತೊಟ್ಟಿಯದಲ್ಲ. ಒಂದು ಉತ್ತರ ಇಟ್ಟು ನೋಡುತ್ತೇನೆ, ಅಳಿಸುತ್ತೇನೆ, ಇನ್ನೊಂದು ಇಡುತ್ತೇನೆ. ಕೈಗೆ ಸಿಗುವ ಒಂದು ಗುರುತಾದರೂ ಇದ್ದಿದ್ದರೆ ಎನಿಸುತ್ತದೆ. ಅವತ್ತು ಅವರು ತೊಟ್ಟಿದ್ದ ಅಂಗಿಯನ್ನು ಕೊಡಿ ಎಂದು ಆಸ್ಪತ್ರೆಗೆ ಎಷ್ಟು ಅಲೆದೆ, ನಿಮಗೆ ಗೊತ್ತು. ಎಲ್ಲೋ ಕಳೆದುಹೋಗಿದೆ ಎಂದು ಕೈಯಾಡಿಸಿಬಿಟ್ಟರು.

ಬೈಯಿರಿ. ನಿಮ್ಮ ಬೈಗುಳ ತಡೆದುಕೊಂಡೇನು, ಮೂರು ಮಾತಿನ ಕಾಗದ ತಡೆಯಲಾರೆ.

ನಿಮ್ಮ ಸೊಸೆ


ಲಾಂಡ್ರಿ, ಅಕ್ಟೋಬರ್ ೨

ಹುಡುಗಿ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಥೆ. ನನಗೆ ಏನೂ ಗೊತ್ತಿರಲಿಲ್ಲ. ದಾರಿ ಇವೆ ಎಂದು ನೀನು ಬರೆದದ್ದನ್ನು, ಮೇಷ್ಟ್ರು ನಿನ್ನನ್ನು ಹೊಗಳಿದ್ದಾನೆ ಎಂದು ಓದಿಕೊಂಡು ಖುಷಿಪಟ್ಟಿದ್ದೆ.

ಅಕ್ಷರದ ವಿಷಯ. ಅದು ನನ್ನ ಎಡಗೈ ಅಕ್ಷರ. ಆಗಸ್ಟಿನಲ್ಲಿ ಆಸ್ಪತ್ರೆಯ ಚಾದರ ರೋಲರಿಗೆ ಹೋಗುವಾಗ ಅಂಚು ಮಡಚಿಕೊಂಡಿತು. ಹಾಗೆ ಆದರೆ ಬಿಟ್ಟುಬಿಡಬೇಕು, ಆ ಕಡೆ ಬಂದ ಮೇಲೆ ಮತ್ತೆ ಹಾಕಬೇಕು. ಹುಡುಗಿಯರಿಗೆ ದಿನವೂ ಇದನ್ನೇ ಹೇಳುವವಳು ನಾನು. ಒಂದು ಮಡಿಕೆ ಕಣ್ಣೆದುರು ಹೋಗುತ್ತಿರುವುದನ್ನು ನೋಡಿ ಸುಮ್ಮನಿರಲಾರದೆ ಕೈ ಹಾಕಿದೆ. ರೋಲರ್ ಹುಡುಗಿ ಕಿರುಚಿ ಯಂತ್ರ ನಿಲ್ಲಿಸಿದಳಂತೆ, ಇಲ್ಲದಿದ್ದರೆ ಮುಂಗೈಯೇ ಹೋಗುತ್ತಿತ್ತು. ಬೆರಳುಗಳು ಉಳಿದಿವೆ. ಸುಟ್ಟ ಚರ್ಮ ಈಗ ಮಾಯುತ್ತಿದೆ. ಬಾಯ್ಲರ್ ಮಾಮ "ಸೊಸೆಗೆ ಬರೆಸ್ತೀನಿ" ಎಂದು ಕುಣಿದ, ನಾನೇ ಬಾಯಿ ಮುಚ್ಚಿಸಿದೆ. ಗೊತ್ತಾದರೆ ನೀನು ಪುಸ್ತಕ ಬಿಸಾಡಿ ಬಸ್ಸು ಹತ್ತುತ್ತಿದ್ದೆ. ಈ ಪತ್ರವನ್ನೂ ಎಡಗೈಯಲ್ಲೇ ಹಲವು ದಿನ ಕೂತು ಬರೆಯುತ್ತಿದ್ದೇನೆ. ಈಗ ತಿಳಿಸಿದ್ದೇನೆ ಎಂದು ಬಂದುಬಿಟ್ಟೀಯ, ಬಾಗಿಲು ತೆಗೆಯುವುದಿಲ್ಲ.

ನಿನ್ನ ಪತ್ರ ಓದಿದ ಮೇಲೆ ನನಗೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ. ಮಗನಂತೂ ಕೇಳದೆ ಹೋದ, ಇವಳು ಹೇಳಿ ಹೋಗುತ್ತಿದ್ದಾಳೆ ಎಂದುಕೊಂಡೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಇಷ್ಟು ಬೇಗ ಮುಗಿಯಿತೆ ಎಂದುಕೊಂಡೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ನೀನು ಬರುವುದಿಲ್ಲ ಎನ್ನುವುದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ. ಪರೀಕ್ಷೆ ಮುಗಿಯಲಿ, ಆಮೇಲೆ ಎದುರುಬದುರು ಕೂತು ಜಗಳ ಆಡೋಣ. ಅಲ್ಲಿಯವರೆಗೆ ಅದನ್ನು ತಲೆಯ ಮೇಲೆ ಹೊತ್ತು ತಿರುಗಬೇಡ.

ಅವನು ಏನು ಹೇಳಬೇಕೆಂದಿದ್ದನೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನಿನ್ನಿಂದ ಮುಚ್ಚಿಡುತ್ತಿರಲಿಲ್ಲ. ದೊಡ್ಡ ಮಾತೇ ಇರಬೇಕೆಂದಿಲ್ಲ. ಅವನನ್ನು ಹೆತ್ತವಳು ನಾನು, ಸಣ್ಣ ಮಾತನ್ನೂ "ಆಮೇಲೆ ಹೇಳ್ತೀನಿ" ಎಂದು ಕಾಯಿಸಿ ನಗುವುದು ಚಿಕ್ಕಂದಿನಿಂದಲೂ ಅವನ ಚಾಳಿ. ನೀನು ಗಾಳಿಯನ್ನು ಗುದ್ದಿ ಕೈ ನೋಯಿಸಿಕೊಳ್ಳುತ್ತಿದ್ದೀಯ.

ಇನ್ನೊಂದು ಇದೆ. ಜುಲೈಯಲ್ಲಿ ನೀನು ಒಂದು ಕೇಳಿದ್ದೆ. ಒಂದೂ ಇಲ್ಲ ಎಂದು ಬರೆದೆ. ಇದೆ.

ಅವನು ಹೋದ ನಾಲ್ಕೈದು ದಿನಕ್ಕೆ ಆಸ್ಪತ್ರೆಯ ಗಂಟುಗಳು ಎಂದಿನಂತೆ ಬಂದವು. ಮನೆಯಲ್ಲಿ ಕೂರಲಾರದೆ ನಾನು ವಿಂಗಡಿಸುವ ಮೇಜಿಗೆ ಹೋಗಿ ನಿಂತಿದ್ದೆ. ಚಾದರಗಳ ನಡುವೆ ಒಂದು ಅಂಗಿ. ಅವಸರದಲ್ಲಿ ಬಿಚ್ಚಿ ಹಾಸಿಗೆಬಟ್ಟೆಯ ಜೊತೆ ಸುತ್ತಿಬಿಟ್ಟಿದ್ದರು. ಕೈಗೆ ಬಂದಾಗಲೇ ಗೊತ್ತಾಯಿತು, ನೋಡಬೇಕಾಗಿರಲಿಲ್ಲ. ಜೇಬಿನ ಕೆಳಗೆ ಅಂಗೈಯಗಲ ನೀಲಿ ಶಾಯಿ. ಕೊನೆಯ ದಿನವೂ ಮುಚ್ಚಳ ಹಾಕಿರಲಿಲ್ಲ, ಕತ್ತೆ. ನಾನು ಬಾಯಿ ತುಂಬ ಬೈದೆ. ಹುಡುಗಿಯರು ಓಡಿ ಬಂದರು, ಯಾರಿಗೋ ಬೈಯುತ್ತಿದ್ದೇನೆ ಎಂದು.

ಸ್ಪಿರಿಟ್ ಶೀಸೆ ಪಕ್ಕದಲ್ಲೇ ಇತ್ತು. ಕೈಗೆತ್ತಿಕೊಂಡೆ. ಮತ್ತೆ ಕೆಳಗಿಟ್ಟೆ. ಅಂಗಿಯನ್ನು ಮಡಚಿ ನನ್ನ ಕಪಾಟಿನಲ್ಲಿ ಚಾದರಗಳ ಅಡಿಯಲ್ಲಿ ಇಟ್ಟಿದ್ದೇನೆ. ನೀನು ಆಸ್ಪತ್ರೆಗೆ ಅಲೆಯುವಾಗಲೂ ಅದು ಅಲ್ಲೇ ಇತ್ತು. ನನಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಿದರೆ ನಿನಗೆ ಕೊಡಬೇಕಾಗುತ್ತಿತ್ತು. ಹೆಂಡತಿಗೆ ಸಲ್ಲಬೇಕಾದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಈಗಲೂ ಕೊಡಲಾರೆ. ಕೇಳಬೇಡ.

ಹೇಗೆ ಬಿಟ್ಟಿರಿ ಎಂದಿದ್ದೆ. ಹೇಗೆಂದು ಹೇಳಲು ಏನೂ ಇಲ್ಲ. ಶೀಸೆ ಕೆಳಗಿಟ್ಟೆ, ಮುಂದಿನ ಗಂಟು ಬಿಚ್ಚಿದೆ. ಅಷ್ಟೆ. ಅವತ್ತಿನ ಚಾದರಗಳೆಲ್ಲ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋದವು. ಬಿಟ್ಟರೆ ಏನೋ ಆಗಿಬಿಡುತ್ತದೆ ಎಂದುಕೊಂಡಿದ್ದೆ, ಏನೂ ಆಗಲಿಲ್ಲ. ಅದಕ್ಕೇ ನಾಚಿಕೆಯಾಗಿ ನಿನಗೆ ಸುಳ್ಳು ಬರೆದೆ.

ನಿನ್ನ ಮೇಷ್ಟ್ರು ಹೇಳಿದ ಹಾಗೆ ಮಾಡು. ಮೂರನೇ ರಾಶಿಗೆ ಕೈ ಹಾಕಬೇಡ. ಕೈ ಹಾಕಿದವಳ ಗತಿ ನೋಡುತ್ತಿದ್ದೀಯಲ್ಲ.

ಅತ್ತೆ


ಹಾಸ್ಟೆಲ್, ನವೆಂಬರ್ ೨೬

ಅತ್ತೆಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಅಳು ಬರುತ್ತಿತ್ತು, ಎದ್ದು ಹೋಗುತ್ತಿದ್ದೆ. ಕೊನೆಗೆ ಅದನ್ನೂ ಗುರುತು ಹಾಕಿ ಎರಡನೇ ಸುತ್ತಿಗೆ ಇಟ್ಟುಕೊಂಡೆ. ವಾರ್ಡನ್ ಕೈಯಿಂದ ಬಾಯ್ಲರ್ ಮಾಮನಿಗೆ ಫೋನ್ ಮಾಡಿಸಿ ನಿಮ್ಮ ಕೈ ಹೇಗಿದೆ ಎಂದು ಮಾತ್ರ ವಾರವಾರವೂ ಕೇಳುತ್ತಿದ್ದೆ. ನಿಮಗೆ ಹೇಳಬೇಡಿ ಎಂದಿದ್ದೆ. ಅವರು ಹೇಳಿಲ್ಲವೆಂದರೆ ಇದು ಅವರು ಬಾಯಿ ಮುಚ್ಚಿಟ್ಟುಕೊಂಡ ಎರಡನೇ ಸಲ.

ನಿಮ್ಮ ಮೇಲೂ ನನಗೆ ಸಿಟ್ಟು ಬಂತು. ಸಮ ಆಯಿತು. ಆಸ್ಪತ್ರೆಯ ಕಿಟಕಿಯೆದುರು ನಿಂತ ದಿನಗಳು ನೆನಪಾಗಿ ಮೈ ಉರಿಯಿತು. ಆಮೇಲೆ ನೀವು ಆ ಮೇಜಿನ ಹತ್ತಿರ ಒಬ್ಬರೇ ನಿಂತು ಬೈಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಸಿಟ್ಟು ನಿಲ್ಲಲಿಲ್ಲ.

ನಿನ್ನೆ ಪರೀಕ್ಷೆ ಮುಗಿಯಿತು. ಕಂಪ್ಯೂಟರಿನ ಎದುರು ಕೂರಿಸಿದರು. ಮೊದಲ ಸುತ್ತು ಚೆನ್ನಾಗಿ ಹೋಯಿತು. ಗದ್ಯಭಾಗಕ್ಕೆ ಬಂದಾಗ ಎರಡನೇ ಪ್ಯಾರಾದಲ್ಲೇ ಅವರು ಬಂದು ನಿಂತರು, ಎಂದಿನಂತೆ, ಲಾರಿಯ ಪಕ್ಕ, ನಗುತ್ತ. "ಸಂಜೆ ಹೇಳ್ತೀನಿ." ನಾನು ಮನಸ್ಸಿನಲ್ಲೇ, "ಆಯ್ತು ಕಣ್ರೀ, ಸಂಜೇನೇ ಹೇಳಿ" ಎಂದೆ. ಶೀಸೆ ಕೆಳಗಿಟ್ಟೆ. ಮುಂದಿನ ಸಾಲು ಓದಿದೆ. ಅವರು ಅಲ್ಲೇ ನಿಂತಿದ್ದರು, ಹೋಗಲಿಲ್ಲ, ನನ್ನನ್ನು ತಡೆಯಲೂ ಇಲ್ಲ.

ಲೆಕ್ಕದ ಭಾಗದಲ್ಲಿ ಕೊಳಾಯಿ ತೊಟ್ಟಿಯೇ ಬಂದಿತ್ತು, ಈ ಸಲ ಮೂರು ಕೊಳಾಯಿ. ಓದಿದೆ, ನಕ್ಕೆ, ಬಿಟ್ಟೆ. ಕೊನೆಯ ಪ್ರಶ್ನೆಯವರೆಗೂ ಹೋದೆ ಅತ್ತೆ. ಮೇಷ್ಟ್ರು ಹೇಳಿದ್ದು ನಿಜ, ಸುಲಭದ್ದು ಅಲ್ಲೂ ಕೂತಿತ್ತು.

ಅಂಕ ಅಲ್ಲೇ ತೆರೆಯ ಮೇಲೆ ಬಂತು. ನಾನು ಕೇಳಿಕೊಂಡಿದ್ದಕ್ಕಿಂತ ಹೆಚ್ಚು ಬಂದಿದೆ. ದೂರದ ಆ ಸ್ಕೂಲಿಗೂ ಸಾಕು. ಹೊರಗೆ ಬಂದು ಮೇಷ್ಟ್ರಿಗೆ ಹೇಳಿದೆ. ಅವರು ಅಂಕ ಕೇಳಲೇ ಇಲ್ಲ. "ಎಷ್ಟು ಬಿಟ್ರಿ?" ಅಂದರು. ಹೇಳಿದೆ. "ಭೇಷ್," ಎಂದು ಗಡಿಯಾರವನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ಇನ್ನೆರಡು ವಾರಕ್ಕೆ ಬರುತ್ತೇನೆ. ಜಗಳಕ್ಕೆ ತಯಾರಾಗಿರಿ. ನನ್ನ ಮಾತು ಬದಲಾಗಿಲ್ಲ, ನಿಮ್ಮ ಮಾತೂ ಬದಲಾಗಿರಲಿಕ್ಕಿಲ್ಲ. ಅಂಗಿಯನ್ನು ಕೇಳುವುದಿಲ್ಲ. ನಿಮ್ಮ ಹತ್ತಿರವೇ ಇರಲಿ. ತೊಳೆಯಬೇಡಿ, ಅಷ್ಟು ಸಾಕು.

ನಿಮ್ಮ ಸೊಸೆ


ಲಾಂಡ್ರಿ, ಡಿಸೆಂಬರ್ ೧

ಹುಡುಗಿ,

ಇದು ಬಲಗೈ ಅಕ್ಷರ. ಇಸ್ತ್ರಿ ಸರಿಯಾಗಿಲ್ಲ, ಓದಿಕೋ.

ನಿನ್ನ ಅಂಕದ ಸುದ್ದಿಯನ್ನು ಬಾಯ್ಲರ್ ಮಾಮ ಬೀದಿಗೆಲ್ಲ ಕೂಗಿ ಹೇಳಿದ್ದಾನೆ. ಹುಡುಗಿಯರೆಲ್ಲ ನನಗೇ ಪಾಸಾಯಿತೆಂಬಂತೆ ಕೈ ಕುಲುಕಿದರು, ಮಾಯುತ್ತಿದ್ದ ಕೈ ಮತ್ತೆ ನೋಯಿತು. ಖುಷಿಯಾಯಿತು. ಒಳಗೆ ಹೋಗಿ ಸ್ವಲ್ಪ ಅತ್ತೆ. ಎರಡೂ ನಿಜ.

ಮುಂದಿನ ವಾರದವರೆಗೆ ಜಗಳಕ್ಕೆ ಕಾಯುವಷ್ಟು ನನಗೆ ಪುರಸೊತ್ತಿಲ್ಲ, ಆದ್ದರಿಂದ ಈಗಲೇ ಮುಗಿಸುತ್ತೇನೆ. ಮೊನ್ನೆ ಆ ಮೇಜಿನಲ್ಲಿ ರೋಲರ್ ಹುಡುಗಿಯನ್ನು ಕೂರಿಸಿದೆ. ಒಂದು ಕುರ್ಚಿ ಸಾಕೆಂದಳು. ಇನ್ನೊಂದನ್ನು ಬಾಯ್ಲರ್ ಮಾಮ ತನ್ನ ಕೋಣೆಗೆ ಎತ್ತಿಕೊಂಡು ಹೋದ. ಟೈ ಕಟ್ಟಿದವರ ಹತ್ತಿರ ಮಾತಾಡಲು ಸದ್ಯಕ್ಕೆ ನನ್ನ ಬಾಯಿ ಸಾಕು. ತಿಳಿಯದ್ದನ್ನು ನಿನಗೆ ಬರೆದು ಕೇಳುತ್ತೇನೆ, ದೂರದ ಸ್ಕೂಲಿನಿಂದ ಉತ್ತರ ಬರೆ. ನೀನು ಬಂದಾಗ ಉಂಡು, ಮಲಗಿ, ಹೊರಡು. ಆ ಕೋಣೆಯ ಬಾಗಿಲು ಕೂಡ ತೆಗೆಯಬೇಕಿಲ್ಲ.

ಇದರ ಜೊತೆ ಒಂದು ಪೊಟ್ಟಣ ಇದೆ. ಕೈಯಲ್ಲಿ ಕೊಡೋಣ ಎಂದುಕೊಂಡಿದ್ದೆ. ಎದುರಿಗೆ ನಿಂತರೆ ಕೊಡಲಾರೆ ಎಂದು ಗೊತ್ತಿದೆ, ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಸ್ಪಿರಿಟ್ ಮುಟ್ಟಿಸಿಲ್ಲ, ನೀರೂ ಮುಟ್ಟಿಸಿಲ್ಲ. ಬಿಸಿಲಿಗೆ ಇಡಬೇಡ, ಶಾಯಿ ಮಾಸುತ್ತದೆ.

ನಾನೇ ಗೇಟಿನವರೆಗೂ ಹಿಡಿದುಕೊಂಡು ಹೋಗಿ ಅಂಚೆಯವನ ಕೈಗೆ ಕೊಡುತ್ತೇನೆ. ನನ್ನ ಅತ್ತೆಯ ಕಾಲದಿಂದ ಇವತ್ತಿನವರೆಗೆ ಕಲೆಯ ಸಮೇತ ಆ ಗೇಟು ದಾಟುತ್ತಿರುವ ಬಟ್ಟೆ ಇದೊಂದೇ.

ಅತ್ತೆ